ಎರಡು ದೇಶಗಳ ನಾಣ್ಯಕ್ಕೆ ಒಂದೇ ಕಿರ್ದಿ ಪುಸ್ತಕ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ದುಬೈ ಮೊದಲಾದ ಪಟ್ಟಣಗಳಲ್ಲಿ ದಾದಿಯರಾಗಿ ಸೇವೆ ಮಾಡುತ್ತ ಅಕ್ಕೂರಿನ ಸುತ್ತಿನಲ್ಲಿರುವ ತಾಯ್ತಂದೆಗಳಿಗೆ ಹಣ ಕಳುಹಿಸುತ್ತಾರೆ. ಆ ಹಣವು ಯಾವ ದಾರಿಯಿಂದ ಬರುವುದೆಂದು ವಿಚಾರಿಸುವವರು ಕಡಮೆ.

ಅಲ್ಲಿ ಕಟ್ಟಿದ ದಿರ್ಹಮು ಇಲ್ಲಿಗೆ ಬರುವುದೇ ಇಲ್ಲ. ಅಲ್ಲಿಯ ಬ್ಯಾಂಕು ತನ್ನ ಪುಸ್ತಕದಲ್ಲಿ ಖರ್ಚು ಬರೆಯುವುದು. ಚನ್ನಪಟ್ಟಣದ ಬ್ಯಾಂಕು ತನ್ನದರಲ್ಲಿ ಜಮೆ ಬರೆಯುವುದು. ನಡುವೆ ಇನ್ನೊಂದೆರಡು ಬ್ಯಾಂಕುಗಳಿರುವುದೂ ಉಂಟು. ಪ್ರತಿಯೊಂದೂ ಲೆಕ್ಕವನ್ನು ತಾಳೆ ನೋಡಬೇಕು. ಪ್ರತಿಯೊಂದಕ್ಕೂ ಕೂಲಿ ಸಲ್ಲಬೇಕು.

ಬ್ಯಾಂಕುಗಳಿಗೆ ಇದಕ್ಕಿಂತ ದೊಡ್ಡ ತೊಡಕೆಂದರೆ, ಮೊದಲು ಕೊಡುವವರು ಯಾರೆಂಬುದು. ತರಗತಿಯಲ್ಲಿ ಇಬ್ಬರು ಹುಡುಗಿಯರು ಪೆನ್ಸಿಲು ಬದಲಾಯಿಸುವಾಗ ಎರಡು ಕೊನೆಗಳನ್ನೂ ಬಿಗಿಯಾಗಿ ಹಿಡಿದು ನಿಲ್ಲುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. 1974ನೆಯ ಜೂನ್ 26ರಂದು ಜರ್ಮನಿಯ ಕಲೋನ್ ಪಟ್ಟಣದ ಹೆರ್‌ಷ್ಟಾಟ್ ಬ್ಯಾಂಕು ಅನ್ಯ ಬ್ಯಾಂಕುಗಳಿಂದ ಮಾರ್ಕುಗಳನ್ನು ಪಡೆದಿತ್ತು. ಪ್ರತಿಯಾಗಿ ನ್ಯೂಯಾರ್ಕಿನಲ್ಲಿ ಡಾಲರು ಸಲ್ಲುವುದಕ್ಕೆ ಮುಂಚೆಯೇ ಅಧಿಕಾರಿಗಳು ಅದರ ಬಾಗಿಲು ಮುಚ್ಚಿಸಿದರು. ಮೊದಲು ಕೊಟ್ಟವರು ಕೊಟ್ಟು ಕೆಟ್ಟರು.

ಈಗ ಕೇಂದ್ರ ಬ್ಯಾಂಕುಗಳು ನೋಟಿನಂತೆಯೇ ಡಿಜಿಟಲ್ ನಾಣ್ಯವನ್ನೂ ಹೊರಡಿಸತೊಡಗಿವೆ. ನಮ್ಮ ರಿಜರ್ವ್ ಬ್ಯಾಂಕಿನ ಡಿಜಿಟಲ್ ರೂಪಾಯಿಯು 2022ನೆಯ ಡಿಸೆಂಬರ್ 1ರಂದು ಪರೀಕ್ಷಾರ್ಥವಾಗಿ ಜನರ ಕೈಗೆ ಬಂದಾಗ, ಮೊದಲ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದಾಗಿತ್ತು. (ಬಿಟ್‌ಕಾಯಿನ್ ಮೊದಲಾದುವನ್ನು ಇದರೊಡನೆ ಬೆರೆಸಬಾರದು, ಅವುಗಳಿಗೆ ಯಾವ ಕೇಂದ್ರ ಬ್ಯಾಂಕಿನ ಹೊಣೆಯೂ ಇಲ್ಲ.)

ಇಂಥ ಎರಡು ನಾಣ್ಯಗಳನ್ನು ಬದಲಾಯಿಸಲು ಬ್ಲಾಕ್‌ಚೈನ್ ಎಂಬ ಏರ್ಪಾಡು ಉಂಟು. ಅದು ಒಂದೇ ಕಿರ್ದಿ. ಅದರ ಪ್ರತಿಯು ಪಾಲುದಾರರೆಲ್ಲರಲ್ಲಿಯೂ ಇರುವುದು. ಪ್ರತಿ ಪುಟದಲ್ಲಿಯೂ ಹಿಂದಿನ ಪುಟದ ಗುರುತಿರುವುದರಿಂದ, ಯಾರಾದರೂ ಹಳೆಯದನ್ನು ತಿದ್ದಿದರೆ ಮುಂದಿನ ಪುಟಗಳೇ ಸಾಕ್ಷಿ ಹೇಳುವುವು. ರೂಪಾಯಿಯೂ ದಿರ್ಹಮೂ ಆ ಕಿರ್ದಿಯಲ್ಲಿದ್ದರೆ, ಎರಡೂ ಒಂದೇ ಕ್ಷಣದಲ್ಲಿ ಕೈ ಬದಲಾಯಿಸುವಂತೆ, ಒಂದು ತಪ್ಪಿದರೆ ಎರಡೂ ನಿಲ್ಲುವಂತೆ ಕಟ್ಟುಮಾಡಬಹುದು. 2022ರಲ್ಲಿ ಹಾಂಕಾಂಗ್, ಚೀನಾ, ಥಾಯ್ಲೆಂಡ್, ಸಂಯುಕ್ತ ಅರಬ್ ಎಮಿರೇಟ್ಸ್ ಇವುಗಳ 20 ಬ್ಯಾಂಕುಗಳು ಎಂ-ಬ್ರಿಜ್ ಎಂಬ ಇಂಥ ಕಿರ್ದಿಯಲ್ಲಿ 164 ವ್ಯವಹಾರಗಳನ್ನು ನಡೆಸಿ ನೋಡಿದುವು. 2023ನೆಯ ಮಾರ್ಚಿಯಲ್ಲಿ ನಮ್ಮ ರಿಜರ್ವ್ ಬ್ಯಾಂಕೂ ಎಮಿರೇಟ್ಸ್‌ನ ಕೇಂದ್ರ ಬ್ಯಾಂಕೂ ತಮ್ಮ ಡಿಜಿಟಲ್ ನಾಣ್ಯಗಳನ್ನು ಜೋಡಿಸುವ ವಿಷಯವನ್ನು ಪರಿಶೀಲಿಸಲು ಒಪ್ಪಂದ ಮಾಡಿಕೊಂಡುವು.

ಪುಸ್ತಕವು ಒಂದಾದ ಮಾತ್ರಕ್ಕೆ ಎಲ್ಲವೂ ಸರಿಹೋಗದು. ನಿಯಮ ಬರೆಯುವವರು ಯಾರು, ಒಂದು ದೇಶದ ಲೆಕ್ಕವು ಇನ್ನೊಂದಕ್ಕೆ ಎಷ್ಟು ಕಾಣಬೇಕು ಎಂಬುದು ಸರಕಾರಗಳು ಇತ್ಯರ್ಥಮಾಡಬೇಕಾದ ಸಂಗತಿ. ಅಲ್ಲದೆ ದಿರ್ಹಮು ಪಡೆದು ರೂಪಾಯಿ ಕೊಡಲು ಯಾರಾದರೂ ಸಿದ್ಧರಿರಬೇಕು. ಅಂಥವರು ವಿರಳವಾದರೆ, ಪುಸ್ತಕವೆಷ್ಟೇ ಚೊಕ್ಕಟವಾಗಿದ್ದರೂ ವಿನಿಮಯದ ಖರ್ಚು ಹೆಚ್ಚುವುದು. ಆದಕಾರಣ ಸದ್ಯಕ್ಕೆ ಹಣ ಕಟ್ಟುವ ಮಗಳು ಶುಲ್ಕವನ್ನು ಮಾತ್ರವಲ್ಲದೆ, ಆ ದಿನ ಒಂದು ದಿರ್ಹಮಿಗೆ ಎಷ್ಟು ರೂಪಾಯಿ ಎಂಬುದನ್ನೂ ಕೇಳಲಿ. ಶುಲ್ಕವಿಲ್ಲವೆನ್ನುವವರು ದರದಲ್ಲಿ ಹಿಡಿದುಕೊಳ್ಳುವುದುಂಟು.