ಸೊರಗಿದ ಕುದುರೆಯ ಆರೈಕೆ



ಕರುಣೆಯು ಒಳ್ಳೆಯದೆಂದು ಬೋಧಿಸುವದು ಸುಲಭ. ಆದರೆ ತಿಳುವಳಿಕೆಯಿಲ್ಲದ ಕರುಣೆಯು ಕೆಲವು ಸಾರಿ ಕ್ರೂರತನದಷ್ಟೇ ಹಾನಿಯನ್ನು ಮಾಡುತ್ತದೆ. ಇದನ್ನು ನಾವು ಪುಸ್ತಕದಿಂದಲ್ಲ, ಒಂದು ಮೂಕಪ್ರಾಣಿಯ ಮರಣದಿಂದ ಕಲಿತೆವು. ಆದಕಾರಣ ಈ ತಿಂಗಳ ಪಾಠವನ್ನು ಆ ಸಂಗತಿಯಿಂದಲೇ ಆರಂಭಿಸುತ್ತೇವೆ.

1. ಮಾರೇನಹಳ್ಳಿಯಲ್ಲಿ ನಡೆದದ್ದು

ಬೆಂಗಳೂರಿನ ಪಡುವಣ ಭಾಗದಲ್ಲಿ ವಿಜಯನಗರಕ್ಕೆ ಅಂಟಿಕೊಂಡಿರುವ ಮಾರೇನಹಳ್ಳಿಯು ಹಿಂದೆ ಹೊಲಗಳ ನಡುವಣ ಹಳ್ಳಿಯಾಗಿತ್ತು. ಈಗ ಪಟ್ಟಣವು ಅದನ್ನು ನಾಲ್ಕು ಕಡೆಗಳಿಂದಲೂ ಸುತ್ತಿಕೊಂಡಿದೆ. ಹಿರಿಯರ ಕಾಲದಲ್ಲಿ ಪಟ್ಟಣದ ಬೀದಿಗಳಲ್ಲಿ ಜಟಕಾ ಗಾಡಿಗಳು ಓಡುತ್ತಿದ್ದವು. ಆಟೋಗಳೂ ಬಸ್ಸುಗಳೂ ಬಂದ ಮೇಲೆ ಆ ಗಾಡಿಗಳು ಇಲ್ಲದೆ ಹೋದವು. ಕುದುರೆಗಳಿಗೆ ಮದುವೆಯ ಮೆರವಣಿಗೆಯೂ ಮಕ್ಕಳ ಸವಾರಿಯೂ ಉಳಿದವು. ಮದುವೆಯ ಕಾಲ ಮುಗಿದರೆ ಕೆಲವಕ್ಕೆ ಕೂಲಿಯಿಲ್ಲ. ಕೂಲಿಯಿಲ್ಲದ ಮೇಲೆ ಮೇವೂ ಇಲ್ಲ.

ಕೆಲವು ವರ್ಷಗಳ ಹಿಂದೆ ಮಳೆಗಾಲದ ಕೊನೆಯಲ್ಲಿ ಮಾರೇನಹಳ್ಳಿಯ ಒಂದು ಖಾಲಿ ನಿವೇಶನದಲ್ಲಿ ಕಂದು ಬಣ್ಣದ ಹೆಣ್ಣು ಕುದುರೆಯೊಂದು ನಿಂತಿತ್ತು. ಅದು ಯಾರದೆಂದು ಯಾರೂ ಹೇಳಲಿಲ್ಲ. ಪಕ್ಕೆಲುಬುಗಳನ್ನು ಬೀದಿಯಲ್ಲಿ ನಿಂತೇ ಎಣಿಸಬಹುದಾಗಿತ್ತು. ಬೆನ್ನ ಮೇಲೆ ಜೀನು ಉಜ್ಜಿ ಆದ ಹುಣ್ಣು. ಅದರ ಮೇಲೆ ನೊಣಗಳು. ಗೊರಸುಗಳು ಹಳೆಯ ಜೋಡಿನ ಮೂತಿಯಂತೆ ಬೆಳೆದು ಮೇಲಕ್ಕೆ ಬಾಗಿದ್ದವು.

ನಾವೂ ನೆರೆಯವರೂ ಮನಮರುಗಿ ಕೈಲಾದದ್ದನ್ನು ಮಾಡಿದೆವು. ಒಬ್ಬ ಅಜ್ಜಿಯವರು ಹುರುಳಿಯನ್ನು ಬೇಯಿಸಿ ತಂದರು. ಒಬ್ಬರು ತೌಡು ಕಲಸಿದರು. ನಾವು ಅಚ್ಚು ಬೆಲ್ಲವನ್ನು ಕೈಯಿಂದಲೇ ತಿನ್ನಿಸಿದೆವು. ಅದು ಬಕೆಟ್ಟು ಬರಿದಾಗುವ ತನಕ ತಿಂದು ನಮ್ಮ ಅಂಗೈಯನ್ನು ನೆಕ್ಕಿತು. ಎರಡು ದಿವಸ ಅದರ ಕಣ್ಣಿನಲ್ಲಿ ಬೆಳಕು ಬಂದಂತೆ ಕಂಡಿತು. ನಾವು ಬಹಳವಾಗಿ ಸಂತೋಷಪಟ್ಟೆವು. ನಾಲ್ಕನೆಯ ದಿವಸ ಬೆಳಿಗ್ಗೆ ಅದರ ಕಾಲುಗಳು ನಡುಗಿದವು, ಉಸಿರು ಕಷ್ಟವಾಯಿತು, ಮಧ್ಯಾಹ್ನಕ್ಕೆ ಅದು ನೆಲಕ್ಕೆ ಬಿದ್ದು ಮತ್ತೆ ಏಳಲಿಲ್ಲ. ತಡವಾಗಿ ಕರೆಯಲ್ಪಟ್ಟ ಪಶುವೈದ್ಯರು ನಾವು ಏನೇನು ತಿನ್ನಿಸಿದೆವೆಂದು ಕೇಳಿ ತಿಳಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಇದು ಹಸಿವಿನಿಂದ ಸಾಯಲಿಲ್ಲ, ಮೇವಿನಿಂದ ಸತ್ತಿತು ಎಂದು ಮೆಲ್ಲನೆ ಹೇಳಿದರು.

ಆ ಮಾತು ನಮ್ಮನ್ನು ಬಹು ದಿವಸ ಬಿಡಲಿಲ್ಲ. ಅದರ ಅರ್ಥವನ್ನು ಕೇಳಿ ಓದಿ ತಿಳಿದುಕೊಂಡದ್ದನ್ನು, ನಮ್ಮ ತಪ್ಪು ಮತ್ತೊಬ್ಬರಿಂದ ಆಗಬಾರದೆಂದು, ಇಲ್ಲಿ ಬರೆಯುತ್ತೇವೆ.

2. ಮೇವೇ ಮರಣವಾಗುವದು ಹೇಗೆ?

ಮೇವು ಸಿಕ್ಕದ ಕುದುರೆಯ ಶರೀರವು ಮೊದಲು ತನ್ನಲ್ಲಿರುವ ಕೊಬ್ಬನ್ನು ಉರಿಸಿಕೊಂಡು ಬದುಕುತ್ತದೆ. ಕೊಬ್ಬು ತೀರಿದ ಮೇಲೆ ಮಾಂಸಖಂಡಗಳನ್ನು ಕರಗಿಸುತ್ತದೆ. ಹೃದಯವೂ ಮಾಂಸಖಂಡವೇ, ಆದಕಾರಣ ಹೊರಗೆ ಬೆನ್ನು ಬತ್ತಿದಂತೆ ಒಳಗೆ ಹೃದಯವೂ ಬತ್ತುತ್ತದೆ. ಇದರೊಂದಿಗೆ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಎಂಬ ಲವಣಾಂಶಗಳ ಸಂಗ್ರಹವೂ ಬರಿದಾಗುತ್ತದೆ.

ಇಂಥ ಶರೀರಕ್ಕೆ ಧಾನ್ಯವೂ ಬೆಲ್ಲವೂ ಒಮ್ಮೆಲೇ ಬಿದ್ದರೆ ರಕ್ತದಲ್ಲಿ ಸಕ್ಕರೆಯು ಏರುತ್ತದೆ. ಸಕ್ಕರೆ ಏರಿದ ಕೂಡಲೇ ಇನ್ಸುಲಿನ್ ಎಂಬ ರಸವು ಹೊರಟು ಆ ಸಕ್ಕರೆಯನ್ನು ಜೀವಕೋಶಗಳೊಳಗೆ ತಳ್ಳುತ್ತದೆ. ಸಕ್ಕರೆಯು ಹೋಗುವಾಗ ರಕ್ತದಲ್ಲಿ ಅಳಿದುಳಿದಿದ್ದ ಆ ಲವಣಾಂಶಗಳನ್ನೂ ಎಳೆದುಕೊಂಡು ಹೋಗುತ್ತದೆ. ಆಗ ರಕ್ತದಲ್ಲಿ ಅವು ಸಾಲದೆ ಹೋಗಿ ಮಾಂಸಖಂಡಗಳು ನಡುಗುತ್ತವೆ, ಉಸಿರಾಟವು ಕುಂದುತ್ತದೆ, ಕೊನೆಗೆ ಹೃದಯವು ನಿಲ್ಲುತ್ತದೆ. ಮೇವು ಕೊಡಲಾರಂಭಿಸಿದ ಮೂರನೆಯ ದಿವಸದಿಂದ ಹತ್ತನೆಯ ದಿವಸದೊಳಗೆ ಈ ಅಪಾಯವು ಹೆಚ್ಚು. ನಮ್ಮ ಕುದುರೆಯು ನಾಲ್ಕನೆಯ ದಿವಸ ಬಿದ್ದದ್ದು ಹೀಗೆಯೇ.

ಇದು ಕುದುರೆಗೆ ಮಾತ್ರ ಬರುವ ಕೇಡಲ್ಲ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1945ರಲ್ಲಿ, ಸೆರೆಯ ಶಿಬಿರಗಳಿಂದ ಬಿಡುಗಡೆ ಹೊಂದಿದ ಹಸಿದ ಮನುಷ್ಯರಲ್ಲಿಯೂ ಕೆಲವರು ಒಳ್ಳೆಯ ಊಟ ದೊರೆತ ಮೇಲೆಯೇ ಸತ್ತರು. ವೈದ್ಯರು ಈ ಕೇಡನ್ನು ಚೆನ್ನಾಗಿ ಗುರುತಿಸಿದ್ದು ಆ ಕಾಲದಿಂದ.

3. ಮೊದಲ ಹತ್ತು ದಿವಸಗಳ ಕ್ರಮ

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಪಶುವೈದ್ಯ ಪಂಡಿತರು ಹಸಿದು ಸೊರಗಿದ ಕುದುರೆಗಳಿಗೆ ಬೇರೆ ಬೇರೆ ಮೇವುಗಳನ್ನು ಕೊಟ್ಟು ಪರೀಕ್ಷಿಸಿದರು. ಎಲ್ಲಕ್ಕಿಂತ ಉತ್ತಮವಾಗಿ ಕಂಡದ್ದು ಒಣಗಿಸಿದ ಕುದುರೆ ಮಸಾಲೆ ಸೊಪ್ಪು. ನಮ್ಮ ಸೀಮೆಯ ಒಕ್ಕಲಿಗರು ದನಗಳಿಗಾಗಿ ಬೆಳೆಯುವ ಮೇವೇ ಇದು, ಹೆಸರಿನಲ್ಲಿಯೇ ಕುದುರೆಯಿದೆ. ಇದರಲ್ಲಿ ಹಿಟ್ಟಿನ ಅಂಶವು ಕಡಿಮೆ. ಮಾಂಸವನ್ನು ಕಟ್ಟುವ ಸತ್ವವೂ ಮೇಲೆ ಹೇಳಿದ ರಂಜಕ, ಮೆಗ್ನೀಸಿಯಂಗಳೂ ಹೆಚ್ಚು.

ಅವರು ತೋರಿಸಿದ ಕ್ರಮವೇನಂದರೆ, ಮೊದಲ ಮೂರು ದಿವಸ ನಾಲ್ಕು ತಾಸಿಗೊಮ್ಮೆ, ರಾತ್ರಿಯೂ ತಪ್ಪದೆ, ಸುಮಾರು ಅರ್ಧ ಕಿಲೋಗ್ರಾಮಿಗೆ ತುಸು ಕಡಿಮೆಯಾಗಿ ಕೊಡತಕ್ಕದ್ದು. ದಿನಕ್ಕೆ ಆರು ಸಾರಿಯಾದರೆ ಒಟ್ಟು ಮೂರು ಕಿಲೋಗ್ರಾಮಿನೊಳಗೇ ಆಯಿತು. ನಾಲ್ಕನೆಯ ದಿವಸದಿಂದ ಪ್ರಮಾಣವನ್ನು ಮೆಲ್ಲಗೆ ಹೆಚ್ಚಿಸುತ್ತಾ, ಸಾರಿಗಳನ್ನು ಕಡಿಮೆ ಮಾಡುತ್ತಾ ಬರಬೇಕು. ಆರನೆಯ ದಿವಸಕ್ಕೆ ಎಂಟು ತಾಸಿಗೊಮ್ಮೆ ಎರಡು ಕಿಲೋಗ್ರಾಮಿನ ಹತ್ತಿರಕ್ಕೆ ಬರಬಹುದು. ಹತ್ತು ದಿವಸ ದಾಟಿದ ಮೇಲೆ ದಿನಕ್ಕೆ ಎರಡಾವರ್ತಿ ಅದು ತಿನ್ನುವಷ್ಟನ್ನು ಕೊಡಬಹುದು. ಇದು ದೊಡ್ಡ ಮೈಕಟ್ಟಿನ ಕುದುರೆಯ ಲೆಕ್ಕ. ನಮ್ಮ ಸಣ್ಣ ತಟ್ಟುಗಳಿಗೆ ಇನ್ನೂ ಕಡಿಮೆಯಾಗಬೇಕು. ನೀರು ಯಾವಾಗಲೂ ಮುಂದೆ ಇರಬೇಕು. ಹುರುಳಿ, ಜೋಳ, ತೌಡು, ಬೆಲ್ಲ ಇವುಗಳನ್ನು ಆ ದಿವಸಗಳಲ್ಲಿ ಹತ್ತಿರಕ್ಕೂ ತರಬಾರದು. ಇದೆಲ್ಲವನ್ನೂ ಪಶುವೈದ್ಯರ ಕಣ್ಣೆದುರಿನಲ್ಲಿ ಮಾಡತಕ್ಕದ್ದೇ ಹೊರತು ನಮ್ಮ ಊಹೆಯಿಂದಲ್ಲ.

ಇಲ್ಲಿ ಕರುಣೆಯುಳ್ಳವನಿಗೆ ಕಠಿನವಾದ ಪರೀಕ್ಷೆಯಿದೆ. ಒಂದು ಹಿಡಿ ಸೊಪ್ಪನ್ನು ಎರಡು ನಿಮಿಷದಲ್ಲಿ ತಿಂದು ಮುಗಿಸಿ, ಇನ್ನೂ ಬೇಕೆಂದು ಆ ಪ್ರಾಣಿಯು ಕಾಲು ಕೆರೆಯುತ್ತದೆ. ಕೊಡುವ ಕೈಯನ್ನು ಹಿಡಿದುಕೊಳ್ಳುವದು ಕೊಡುವದಕ್ಕಿಂತ ಕಷ್ಟ. ಆದರೂ ಹಿಡಿದುಕೊಳ್ಳಬೇಕು.

4. ಹುಣ್ಣು, ಹಲ್ಲು, ಗೊರಸು ಮತ್ತು ಮನಸ್ಸು

ಆಶ್ರಯಕ್ಕೆ ಬಂದ ಕುದುರೆಯನ್ನು ಮೊದಲು ಬೇರೆ ಕುದುರೆಗಳಿಂದ ಪ್ರತ್ಯೇಕವಾಗಿಡುತ್ತಾರೆ. ಯಾಕಂದರೆ ಗ್ಲಾಂಡರ್ಸ್ ಎಂಬ ರೋಗವು ಕುದುರೆಯಿಂದ ಕುದುರೆಗೂ ಮನುಷ್ಯನಿಗೂ ಅಂಟುವಂಥದು. ರಕ್ತಪರೀಕ್ಷೆ ಮಾಡದೆ ಅದು ಇಲ್ಲವೆಂದು ಹೇಳುವ ಹಾಗಿಲ್ಲ. ಹುಣ್ಣುಗಳನ್ನು ಉಪ್ಪುನೀರಿನಿಂದ ತೊಳೆದು ಹುಳಗಳನ್ನು ತೆಗೆಯುತ್ತಾರೆ. ಧನುರ್ವಾಯುವು ಕುದುರೆಯನ್ನು ಬಹು ಬೇಗನೆ ಹಿಡಿಯುವದರಿಂದ ಅದಕ್ಕೆ ಮದ್ದನ್ನು ಚುಚ್ಚುತ್ತಾರೆ. ಜಂತುಹುಳಕ್ಕೆ ಔಷಧವನ್ನು ಕೊಡುವ ದಿವಸವನ್ನು ವೈದ್ಯರು ನೋಡಿ ನಿಶ್ಚಯಿಸುತ್ತಾರೆ. ಬಲಹೀನವಾದ ಹೊಟ್ಟೆಯಲ್ಲಿ ಹುಳಗಳೆಲ್ಲ ಒಮ್ಮೆಲೇ ಸತ್ತರೆ ಅದೂ ಅಪಾಯವೇ.

ಕುದುರೆಯ ಹಲ್ಲುಗಳು ಬಹುಕಾಲ ಒಸಡಿನಿಂದ ಮೇಲಕ್ಕೆ ಬರುತ್ತಲೇ ಇರುತ್ತವೆ. ಸಮನಾಗಿ ಸವೆಯದಿದ್ದರೆ ಅಂಚುಗಳು ಚೂಪಾಗಿ ಕೆನ್ನೆಯನ್ನೂ ನಾಲಿಗೆಯನ್ನೂ ಕೊಯ್ಯುತ್ತವೆ. ಮುಂದೆ ಮೇವಿದ್ದೂ ಸೊರಗುವ ಮುದಿ ಕುದುರೆಯ ಬಾಯನ್ನು ನೋಡದೆ ಅದರ ಯಜಮಾನನನ್ನು ಬಯ್ಯಬಾರದು. ಅರ ಹಾಕಿ ಹಲ್ಲನ್ನು ಸಮ ಮಾಡಿದರೆ ಅದು ಮತ್ತೆ ಅಗಿಯುತ್ತದೆ. ಗೊರಸು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನೊಳಗೆ ಬೆಳೆಯುತ್ತದೆ. ಬಹಳ ಬೆಳೆದದ್ದನ್ನು ಒಂದೇ ದಿವಸ ಕತ್ತರಿಸಿದರೆ ಕಾಲಿನ ನರಗಳಿಗೆ ನೋವಾಗುವದು. ಆದಕಾರಣ ಆರೆಂಟು ವಾರಗಳಿಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ತಿದ್ದುತ್ತಾರೆ. ಹೊಸ ಗೊರಸು ಮೇಲಿಂದ ಬೆಳೆದು ತುದಿಗೆ ಮುಟ್ಟುವದಕ್ಕೆ ಹೆಚ್ಚು ಕಡಿಮೆ ಒಂದು ವರ್ಷವೇ ಬೇಕು.

ಮೈ ತುಂಬಿತೋ ಇಲ್ಲವೋ ಎಂಬದನ್ನು ಕಣ್ಣಂದಾಜಿಗೆ ಬಿಡದೆ, ಅಮೆರಿಕದ ಹೆನೆಕೆ ಎಂಬವರು 1983ರಲ್ಲಿ ಒಂದು ಅಳತೆಯನ್ನು ಪ್ರಕಟಿಸಿದರು. ಕತ್ತು, ಹೆಗಲಿನ ದಿಬ್ಬ, ಭುಜದ ಹಿಂಭಾಗ, ಪಕ್ಕೆ, ಸೊಂಟ, ಬಾಲದ ಬುಡ ಎಂಬ ಆರು ಸ್ಥಳಗಳನ್ನು ನೋಡಿ ಕೈಯಿಂದ ಮುಟ್ಟಿ 1ರಿಂದ 9ರ ವರೆಗೆ ಅಂಕವನ್ನು ಕೊಡುವದು ಅದರ ಕ್ರಮ. 1 ಎಂದರೆ ಎಲುಬಿನ ಗೂಡು. 5 ಎಂದರೆ ಹದವಾದ ಮೈ. 9 ಎಂದರೆ ಅತಿಯಾದ ಕೊಬ್ಬು. ಒಂದರಲ್ಲಿದ್ದ ಕುದುರೆಯು ಐದರ ಹತ್ತಿರಕ್ಕೆ ಬರಲು ಹಲವು ತಿಂಗಳುಗಳು ಹಿಡಿಯುತ್ತವೆ. ಅಷ್ಟರ ತನಕ ಅದರ ಬೆನ್ನ ಮೇಲೆ ಮಗುವನ್ನಾದರೂ ಕೂರಿಸತಕ್ಕದ್ದಲ್ಲ.

ಮನಸ್ಸಿನ ಗಾಯಕ್ಕೆ ಅಳತೆಯಿಲ್ಲ. ಪೆಟ್ಟು ತಿಂದ ಕುದುರೆಯು ಕೈ ಮೇಲೆತ್ತಿದರೆ ಸಾಕು, ತಲೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅದಕ್ಕೆ ಔಷಧವೇನಂದರೆ, ದಿನವೂ ಅದೇ ಮನುಷ್ಯನು, ಅದೇ ಹೊತ್ತಿಗೆ, ಅದೇ ಮೆಲ್ಲನೆಯ ದನಿಯಲ್ಲಿ ಬರುವದು. ಇನ್ನೊಂದು ಸಾಧುವಾದ ಕುದುರೆಯೋ ಕತ್ತೆಯೋ ಕಣ್ಣಿಗೆ ಕಾಣುವಂತಿರುವದೂ ಒಳ್ಳೆಯದು. ಕುದುರೆಯು ಹಿಂಡಿನಲ್ಲಿ ಬಾಳುವ ಪ್ರಾಣಿ, ಒಂಟಿತನದಿಂದ ಅಂಜುತ್ತದೆ.

5. ಈ ಕಾರ್ಯಕ್ಕೆ ಕೈಯಿಟ್ಟವರು

ನಮ್ಮ ಮೈಸೂರು ಲ್ಯಾನ್ಸರ್ಸ್ ದಳದವರು ಜೋಧಪುರದವರ ಸಂಗಡ 1918ನೆಯ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಕುದುರೆಯ ದಾಳಿಯಿಂದ ಹಿಡಿದರು. ಆ ಪಟ್ಟಣವಿರುವ ಕರ್ಮೆಲ್ ಬೆಟ್ಟದ ಹೆಸರು ನಮ್ಮ ವಾಚಕರಿಗೆ ಪರಿಚಿತವೇ. ಆ ಸವಾರರ ಸ್ಮಾರಕವು ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿಯೂ ಇದೆ. ಆದರೆ ಆ ಸೀಮೆಯಲ್ಲಿ ಯುದ್ಧ ಮಾಡಿದ ಸೈನ್ಯಗಳ ಕುದುರೆಗಳಲ್ಲಿ ಸಾವಿರಾರು ಕುದುರೆಗಳು ಯುದ್ಧ ತೀರಿದ ಮೇಲೆ ಐಗುಪ್ತದಲ್ಲಿ ಮಾರಲ್ಪಟ್ಟು ಕಲ್ಲು ಮಣ್ಣಿನ ಬಂಡಿಗಳನ್ನು ಎಳೆದವು.

1930ರಲ್ಲಿ ಗಂಡನೊಡನೆ ಕೈರೋ ಪಟ್ಟಣಕ್ಕೆ ಬಂದ ಡೊರೊಥಿ ಬ್ರೂಕ್ ಎಂಬ ಆಂಗ್ಲ ಮಹಿಳೆಯು ಆ ಮುದಿ ಕುದುರೆಗಳನ್ನು ಬೀದಿಯಲ್ಲಿ ಕಂಡರು. 1931ರಲ್ಲಿ ಲಂಡನ್ನಿನ ಮಾರ್ನಿಂಗ್ ಪೋಸ್ಟ್ ಪತ್ರಿಕೆಗೆ ಪತ್ರವನ್ನು ಬರೆದು, ಬಂದ ಹಣದಿಂದ ಸುಮಾರು 5,000 ಕುದುರೆಗಳನ್ನು ಕೊಂಡುಕೊಂಡರು. ಅವುಗಳಲ್ಲಿ ಹೆಚ್ಚಿನವು ಗುಣಹೊಂದುವ ಸ್ಥಿತಿಯನ್ನು ದಾಟಿದ್ದವು. ಅವಕ್ಕೆ ವಿಶ್ರಾಂತಿಯನ್ನೂ ಮೇವನ್ನೂ ಕೊಟ್ಟು, ಆಮೇಲೆ ನೋವಿಲ್ಲದ ಮರಣವನ್ನು ಕೊಡಿಸಿದರು. ಬದುಕಿಸಲಾರದ ಪ್ರಾಣಿಯನ್ನು ನರಳಲು ಬಿಟ್ಟು ಅದನ್ನು ದಯೆಯೆಂದು ಅವರು ಕರೆಯಲಿಲ್ಲ. 1934ರಲ್ಲಿ ಅವರು ಸ್ಥಾಪಿಸಿದ ಆಸ್ಪತ್ರೆಯು ಬಡವರ ಕುದುರೆ ಕತ್ತೆಗಳಿಗೆ ಧರ್ಮಾರ್ಥವಾಗಿ ಔಷಧ ಕೊಟ್ಟಿತು. ಗಾಡಿಯವನ ಹಸಿವೂ ಕುದುರೆಯ ಹಸಿವೂ ಒಂದೇ ಮನೆಯಲ್ಲಿ ವಾಸಿಸುತ್ತವೆಂಬದನ್ನು ಅವರು ಕಂಡುಕೊಂಡಿದ್ದರು.

ನಮ್ಮ ಬೆಂಗಳೂರಿನ ಸಂಗತಿಯೂ ಇಂಥದೇ. ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆಯು 1959ರಲ್ಲಿ ಬೇರೆ ದೇಶಕ್ಕೆ ಹೋಗುವ ದಾರಿಯಲ್ಲಿ ದೆಹಲಿಯಲ್ಲಿದ್ದಾಗ, ರಸ್ತೆಯ ಬದಿಯಲ್ಲಿ ಒಂದು ಕುದುರೆಯು ಸಾಯುತ್ತಾ ಬಿದ್ದಿತ್ತು. ಕಾಗೆಗಳು ಅದರ ಕಣ್ಣುಗಳನ್ನು ಕುಕ್ಕಿದ್ದವು. ಜನರು ದಾಟಿ ಹೋಗುತ್ತಿದ್ದರು. ಅವರು ಪ್ರಯಾಣವನ್ನು ಬಿಟ್ಟು ಈ ದೇಶದಲ್ಲಿಯೇ ಉಳಿದರು. ದೆಹಲಿಯಲ್ಲಿಯೂ ಜೈಪುರದಲ್ಲಿಯೂ ಪ್ರಾಣಿಗಳ ಆಶ್ರಯಗಳನ್ನು ಸ್ಥಾಪಿಸಿ, ಮುಪ್ಪಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ ಕ್ಯೂಪಾ ಎಂಬ ಸಂಸ್ಥೆಗೆ ಅಸ್ತಿವಾರ ಹಾಕಿದರು, 1996ರಲ್ಲಿ ತೀರಿಕೊಂಡರು. ಆ ಸಂಸ್ಥೆಯು ನಾಯಿಬೆಕ್ಕುಗಳನ್ನಲ್ಲದೆ ಕುದುರೆ, ಕತ್ತೆ, ದನಗಳನ್ನೂ ಆಶ್ರಯಕ್ಕೆ ತೆಗೆದುಕೊಳ್ಳುತ್ತದೆ. ಒಂದು ಕುದುರೆಯ ಮರಣದಿಂದ ಹುಟ್ಟಿದ ಕಾರ್ಯವು ನಮ್ಮ ಪಟ್ಟಣದಲ್ಲಿ ಹೀಗೆ ಬೇರೂರಿತು.

6. ನಾವು ಮಾಡತಕ್ಕದ್ದು

ಸೊರಗಿದ ಕುದುರೆಯನ್ನು ಕಂಡರೆ ಮೊದಲು ನೀರನ್ನೂ ನೆರಳನ್ನೂ ಕೊಡಿರಿ. ಒಂದು ಹಿಡಿ ಒಣಹುಲ್ಲಿಗಿಂತ ಹೆಚ್ಚಾಗಿ ಏನನ್ನೂ ಹಾಕದೆ, ಅದೇ ದಿವಸ ಪಶುವೈದ್ಯರಿಗಾಗಲಿ ಪ್ರಾಣಿಗಳ ಸಂಘದವರಿಗಾಗಲಿ ತಿಳಿಸಿರಿ. ಬಿದ್ದಿರುವ ಕುದುರೆಯಾದರೆ ತಡಮಾಡಲೇಬಾರದು. ಮೂರು ದಿವಸ ಏಳಲಾರದೆ ಮಲಗಿದ ಕುದುರೆಯು ಬದುಕುವದು ದುರ್ಲಭ.

ಕಾಯಿದೆಯೂ ಇದೆ. 1960ನೆಯ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ 11ನೆಯ ಕಲಮಿನಂತೆ, ತನ್ನ ಪ್ರಾಣಿಗೆ ಸಾಕಷ್ಟು ಮೇವು, ನೀರು, ಆಶ್ರಯ ಕೊಡದಿರುವದೂ, ಹುಣ್ಣಾದ ಅಥವಾ ಬಲಹೀನವಾದ ಪ್ರಾಣಿಯಿಂದ ಕೆಲಸ ಮಾಡಿಸುವದೂ ಅಪರಾಧ. ಆದರೆ ಆ ಕಾಯಿದೆಯಲ್ಲಿ ಮೊದಲ ತಪ್ಪಿಗೆ ಬರೆದ ದಂಡವು 10ರಿಂದ 50 ರೂಪಾಯಿ ಮಾತ್ರ. 1965ನೆಯ ನಿಯಮಗಳು ಗಾಡಿ ಹೊರೆಗಳ ಪ್ರಾಣಿಯನ್ನು ದಿನಕ್ಕೆ 9 ತಾಸಿಗಿಂತ ಹೆಚ್ಚಾಗಿಯೂ, ವಿಶ್ರಾಂತಿಯಿಲ್ಲದೆ ಎಡೆಬಿಡದೆ 5 ತಾಸಿಗಿಂತ ಹೆಚ್ಚಾಗಿಯೂ ದುಡಿಸಬಾರದೆಂದು ಹೇಳುತ್ತವೆ. ದಂಡದ ಭಯವು ಇಷ್ಟು ಚಿಕ್ಕದಾಗಿರಲಾಗಿ ನೆರೆಯವರ ಕಣ್ಣೇ ಆ ಪ್ರಾಣಿಗೆ ದೊಡ್ಡ ಕಾವಲು. ಯಜಮಾನನು ಬಡವನಾದರೆ ಅವನನ್ನು ಬೀದಿಯಲ್ಲಿ ಬಯ್ಯುವದಕ್ಕಿಂತ, ಮೇವು ತೀರುವ ಮುಂಚೆಯೇ ಅವನ ಮನೆಗೆ ಹೋಗಿ ವಿಚಾರಿಸುವದು ಉತ್ತಮ.

ಮಾರೇನಹಳ್ಳಿಯ ಆ ನಿವೇಶನದಲ್ಲಿ ಈಗ ಮನೆಯೆದ್ದಿದೆ. ಆ ದಾರಿಯಲ್ಲಿ ಹೋಗುವಾಗಲೆಲ್ಲ ನಮ್ಮ ಅಂಗೈಯನ್ನು ನೆಕ್ಕಿದ ಆ ಒರಟು ನಾಲಿಗೆಯು ನೆನಪಿಗೆ ಬರುತ್ತದೆ. ಅಂದು ನಮ್ಮಲ್ಲಿ ಪ್ರೀತಿಯು ಕಡಿಮೆಯಿರಲಿಲ್ಲ; ಕೇಳಿ ತಿಳಿಯುವ ತಾಳ್ಮೆಯು ಕಡಿಮೆಯಿತ್ತು. ವಾಚಕರಲ್ಲಿ ಒಬ್ಬರಾದರೂ ಈ ಪಾಠವನ್ನು ನೆನಪಿಟ್ಟು ಒಂದು ಕುದುರೆಯನ್ನು ಉಳಿಸಿದರೆ, ನಾವು ಕಳಕೊಂಡದ್ದು ಪೂರಾ ವ್ಯರ್ಥವಾಗಲಿಲ್ಲವೆಂದು ಎಣಿಸುವೆವು.

ಮನೆಯವರೊಡನೆ ವಿಚಾರಿಸತಕ್ಕ ಪ್ರಶ್ನೆಗಳು

1. ಹಸಿದು ಸೊರಗಿದ ಕುದುರೆಗೆ ಹುರುಳಿ ಬೆಲ್ಲಗಳನ್ನು ಕೊಡಬಾರದೇಕೆ?
2. ಮೊದಲ ಮೂರು ದಿವಸ ಯಾವ ಮೇವನ್ನು, ಎಷ್ಟನ್ನು, ಎಷ್ಟು ಹೊತ್ತಿಗೊಮ್ಮೆ ಕೊಡತಕ್ಕದ್ದು?
3. ಬದುಕಲಾರದ ಕುದುರೆಗಳ ವಿಷಯದಲ್ಲಿ ಡೊರೊಥಿ ಬ್ರೂಕ್ ಮಾಡಿದ್ದು ಸರಿಯೋ? ನಿಮ್ಮ ಅಭಿಪ್ರಾಯಕ್ಕೆ ಕಾರಣವನ್ನು ಹೇಳಿರಿ.
4. ನಿಮ್ಮ ಊರಿನಲ್ಲಿ ದುಡಿಯುವ ಪ್ರಾಣಿಗಳಲ್ಲಿ ಯಾವುದಕ್ಕೆ ಈಗ ನೀರು, ನೆರಳು, ವಿಶ್ರಾಂತಿಗಳು ಸಾಲದೆ ಇವೆ? ಅದರ ಯಜಮಾನನಿಗೆ ನೀವು ಹೇಗೆ ಸಹಾಯ ಮಾಡಬಹುದು?