ಬಣ್ಣವೇ ಗೊತ್ತಿಲ್ಲದ ಯಂತ್ರ ಪಕ್ಷಪಾತ ಮಾಡಿದ್ದು ಹೇಗೆ?

ಪ್ರಶ್ನೆ: ಕೃತಕ ಬುದ್ಧಿಮತ್ತೆಗೆ ಜಾತಿ, ಬಣ್ಣ ಯಾವುದನ್ನೂ ತಿಳಿಸದೇ ಇದ್ದರೆ ಅದು ಪಕ್ಷಪಾತ ಮಾಡುವುದಾದರೂ ಹೇಗೆ?

ಉತ್ತರ: ತಿಳಿಸದಿದ್ದರೂ ಪಕ್ಷಪಾತ ನುಸುಳುತ್ತದೆ. ಅಮೆರಿಕದ ಆಸ್ಪತ್ರೆಗಳಲ್ಲಿ ಹಾಗೇ ಆಯಿತು.

ದೀರ್ಘಕಾಲದ ಕಾಯಿಲೆಗಳಿಂದ ನರಳುವವರಲ್ಲಿ ತೀರಾ ಅಗತ್ಯವಿರುವವರನ್ನು ಆರಿಸಿ, ಅವರ ಬೆನ್ನಿಗೆ ನಿಲ್ಲಲು ದಾದಿಯರನ್ನು ಕೊಟ್ಟು, ವೈದ್ಯರ ಭೇಟಿಯನ್ನು ಬೇಗ ಸಿಗುವಂತೆ ಮಾಡುವ ಯೋಜನೆಗಳು ಅಲ್ಲಿವೆ. ಯಾರನ್ನು ಆರಿಸಬೇಕೆಂದು ಹೇಳಲು ಒಂದು ಅಲ್ಗಾರಿದಮ್ ಪ್ರತಿ ರೋಗಿಗೂ ಅಂಕ ಹಾಕುತ್ತಿತ್ತು. ರೋಗಿಯ ಜನಾಂಗ ಯಾವುದೆಂದು ಅದಕ್ಕೆ ಹೇಳಿರಲಿಲ್ಲ. ಜಿಯಾದ್ ಓಬರ್‌ಮೇಯರ್, ಸೆಂಧಿಲ್ ಮುಲ್ಲೈನಾಥನ್ ಮತ್ತಿಬ್ಬರು ಸಂಶೋಧಕರು ಒಂದು ದೊಡ್ಡ ಆಸ್ಪತ್ರೆಯ ದಾಖಲೆಗಳನ್ನು ಜಾಲಾಡಿ, 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಒಂದೇ ಅಂಕ ಬಿದ್ದ ಬಿಳಿಯರನ್ನೂ ಕಪ್ಪುವರ್ಣೀಯರನ್ನೂ ಹೋಲಿಸಿದಾಗ, ಕಪ್ಪುವರ್ಣೀಯರ ರಕ್ತದೊತ್ತಡ ಹೆಚ್ಚು ಕೆಟ್ಟಿತ್ತು, ಸಕ್ಕರೆ ಕಾಯಿಲೆ ಹೆಚ್ಚು ಬಿಗಡಾಯಿಸಿತ್ತು, ಮೂತ್ರಪಿಂಡಗಳೂ ಹೆಚ್ಚು ಸೋತಿದ್ದವು.

ಎಡವಟ್ಟು ಎಲ್ಲಿತ್ತೆಂದರೆ, ಅಲ್ಗಾರಿದಮ್‌ಗೆ ಅಂದಾಜು ಮಾಡಲು ಹೇಳಿದ್ದು ರೋಗಿಯ ಚಿಕಿತ್ಸೆಗೆ ಮುಂದೆ ತಗಲುವ ಖರ್ಚನ್ನು. ವಿಮೆಯ ಲೆಕ್ಕಪತ್ರಗಳಿಂದ ಖರ್ಚಿನ ಅಂಕಿ ಸುಲಭವಾಗಿ ಸಿಗುತ್ತದೆ. ಕಾಯಿಲೆ ಜಾಸ್ತಿಯಾದಷ್ಟೂ ಖರ್ಚು ಜಾಸ್ತಿ ಎಂಬ ನಂಬಿಕೆಯೂ ಮೇಲ್ನೋಟಕ್ಕೆ ಸರಿಯೇ. ಆದರೆ ಅಷ್ಟೇ ಕಾಯಿಲೆಗಳಿದ್ದರೂ ಕಪ್ಪುವರ್ಣೀಯರ ಮೇಲೆ ವರ್ಷಕ್ಕೆ ಸುಮಾರು 1,800 ಡಾಲರ್ ಕಡಿಮೆ ಖರ್ಚಾಗುತ್ತಿತ್ತು. ಬಡತನ, ಕೆಲಸಕ್ಕೆ ರಜೆ ಸಿಗದಿರುವುದು, ಆಸ್ಪತ್ರೆಯ ದೂರ ಎಲ್ಲ ಸೇರಿ ಅವರನ್ನು ವೈದ್ಯರಿಂದ ದೂರ ಇಡುತ್ತವೆ. ಜೊತೆಗೆ ಅಪನಂಬಿಕೆಯೂ ಇದೆ: ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 40 ವರ್ಷ, ಸಿಫಿಲಿಸ್ ಇದ್ದ ನೂರಾರು ಕಪ್ಪು ಗಂಡಸರಿಗೆ ಚಿಕಿತ್ಸೆ ಕೊಡದೆ ಸರ್ಕಾರವೇ ಗಮನಿಸುತ್ತಾ ಕೂತಿತ್ತು. ಅಂಥ ಅನುಭವ ಇರುವ ಸಮುದಾಯ ಆಸ್ಪತ್ರೆಯನ್ನು ಸುಲಭವಾಗಿ ನಂಬೀತೇ? ಚಿಕಿತ್ಸೆ ಸಿಗದವರನ್ನು ಯಂತ್ರ ಆರೋಗ್ಯವಂತರೆಂದು ಎಣಿಸಿತು. ಅನ್ಯಾಯದ ಮೇಲೆ ಮತ್ತೊಂದು ಅನ್ಯಾಯ.

ಹಾಗಾಗಿ ಇಂಥ ವ್ಯವಸ್ಥೆ ಯಾರೇ ತಂದರೂ ನಾನು ಮೊದಲು ಕೇಳುವುದು, ಅದಕ್ಕೆ ಏನನ್ನು ಅಂದಾಜು ಮಾಡಲು ಹೇಳಿದ್ದೀರಿ ಎಂದು. ಅದನ್ನು ನಿರ್ಧರಿಸುವುದು ಮನುಷ್ಯರು. ಹೊಣೆಯೂ ಅವರದೇ.

ಅಮೆರಿಕದ ಆ ಅಲ್ಗಾರಿದಮ್‌ನ ತಾರತಮ್ಯ ನೀಗಿದರೆ, ಅಂಕದ ಆಧಾರದಲ್ಲೇ ಯೋಜನೆಗೆ ನೇರವಾಗಿ ಆಯ್ಕೆಯಾಗುವವರಲ್ಲಿ ಕಪ್ಪುವರ್ಣೀಯರ ಪಾಲು ಶೇ 17.7ರಿಂದ ಶೇ 46.5ಕ್ಕೆ ಏರುತ್ತದೆಂದು ಸಂಶೋಧಕರು ಲೆಕ್ಕ ಹಾಕಿದರು. ಅದನ್ನು ತಯಾರಿಸಿದ ಕಂಪನಿಯೂ ತನ್ನ ದತ್ತಾಂಶದಲ್ಲಿ ಪರೀಕ್ಷಿಸಿ ಅದೇ ದೋಷವನ್ನು ಕಂಡಿತು. ಖರ್ಚಿನ ಜೊತೆಗೆ ಕಾಯಿಲೆಗಳನ್ನೂ ಲೆಕ್ಕಕ್ಕೆ ತಂದಾಗ ಪಕ್ಷಪಾತ ಶೇ 84ರಷ್ಟು ತಗ್ಗಿತು. ಒಂದು ಮಾತು ಮರೆಯಬಾರದು: ಯಂತ್ರಕ್ಕೆ ಹೇಳದಿದ್ದ ಜನಾಂಗದ ವಿವರ ಆಸ್ಪತ್ರೆಯ ದಾಖಲೆಯಲ್ಲಿ ಉಳಿದಿತ್ತು. ಅಲ್ಲಿಂದಲೂ ಅಳಿಸಿಹಾಕಿದ್ದರೆ ಈ ದೋಷವನ್ನು ಹಿಡಿಯಲು ಸಂಶೋಧಕರಿಗೆ ದಾರಿಯೇ ಇರುತ್ತಿರಲಿಲ್ಲ.