ಏನೇನು ತಿಂದ್ರಿ ಅಂತ ಕೇಳಿದ ಡಾಕ್ಟರು

ನಮ್ಮ ಕಡೆ ಹೆಂಗಸರಿಗೆ ರಕ್ತ ಕಮ್ಮಿ ಎಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹೆರಿಗೆಗಳಾಗಿವೆ, ಮುಟ್ಟಿನಲ್ಲಿ ಒಂದಷ್ಟು ಹೋಗುತ್ತದೆ, ಹೊಲ ಮನೆ ಎರಡೂ ಕಡೆ ದುಡಿಯುತ್ತಾಳೆ, ಇನ್ನೆಲ್ಲಿಂದ ಬರಬೇಕು ರಕ್ತ ಎನ್ನುತ್ತಾರೆ. ಕಬ್ಬಿಣದ ಮಾತ್ರೆ ಬರೆದುಕೊಡುತ್ತಾರೆ, ನುಂಗುತ್ತೇವೆ. ನನಗೂ ವರ್ಷಗಟ್ಟಲೆ ಹಾಗೇ ನಡೆಯಿತು. ಮಾತ್ರೆ ಬದಲಾಯಿತು, ಟಾನಿಕ್ಕು ಬದಲಾಯಿತು, ನುಗ್ಗೆಸೊಪ್ಪು, ಬೀಟ್ರೂಟು, ಖರ್ಜೂರ ಎಲ್ಲ ಆಯಿತು. ಹಿಮೋಗ್ಲೋಬಿನ್ ಮಾತ್ರ 7, 8ರ ಆಸುಪಾಸಿನಿಂದ ಮೇಲೇಳಲಿಲ್ಲ. ಹೆಂಗಸರಿಗೆ ಅದು 12 ಆದರೂ ಇರಬೇಕು. ಡ್ರಿಪ್‌ನಲ್ಲಿ ಕಬ್ಬಿಣದ ಔಷಧ ಹಾಕಿಸಿಕೊಂಡರೆ ಏರುತ್ತಿತ್ತು, ಕೆಲವು ತಿಂಗಳಲ್ಲಿ ಮತ್ತೆ ಇಳಿಯುತ್ತಿತ್ತು. ಬಾಯಿಂದ ಕೊಟ್ಟರೆ ಏರುವುದಿಲ್ಲ, ನರಕ್ಕೆ ಕೊಟ್ಟರೆ ಏರುತ್ತದೆ. ಇಷ್ಟು ದೊಡ್ಡ ಸುಳಿವು ನನ್ನ ಫೈಲಿನಲ್ಲೇ ಇತ್ತು.

ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯವಳು ನಾನು. ತೆಂಗಿನ ತೋಟ, ರಾಗಿ ಹೊಲ, ಕೊಟ್ಟಿಗೆಯಲ್ಲಿ ಸೀಮೆಹಸು. ಮುದ್ದೆ ಉಂಡು ಬೆಳೆದ ಇಂಥ ಕಡೆಯವಳಿಗೆ ಗೋಧಿಯಿಂದ ಕಾಯಿಲೆ ಬರಬಹುದೆಂದು ಯಾರಿಗೆ ಹೊಳೆಯುತ್ತದೆ? ಆದರೆ ನಮ್ಮ ಅಡುಗೆಮನೆಗೆ ಗೋಧಿ ಬಂದು ಬಹಳ ಕಾಲವಾಗಿದೆ. ಅತ್ತೆಗೆ ಸಕ್ಕರೆ ಕಾಯಿಲೆ ಬಂದಾಗ ರಾತ್ರಿ ಅನ್ನ ಬಿಟ್ಟು ಚಪಾತಿ ತಿನ್ನಿ ಎಂದರು. ಒಬ್ಬರಿಗೇ ಬೇರೆ ಯಾಕೆ ಎಂದು ಮನೆಮಂದಿಗೆಲ್ಲ ಚಪಾತಿಯೇ ಆಯಿತು. ಬೆಳಿಗ್ಗೆ ಮಕ್ಕಳು ಸ್ಕೂಲಿಗೆ ಹೊರಡುವ ಹೊತ್ತಿಗೆ ಉಪ್ಪಿಟ್ಟು, ಇಲ್ಲವೇ ಶ್ಯಾವಿಗೆ ಬಾತು. ಸಂಜೆ ಟೀ ಜೊತೆಗೆ ಬಿಸ್ಕತ್ತು, ಬನ್ನು. ಮಧ್ಯಾಹ್ನದ ಮುದ್ದೆಯೊಂದನ್ನು ಬಿಟ್ಟರೆ ದಿನವೆಲ್ಲ ನಾನು ತಿನ್ನುತ್ತಿದ್ದದ್ದು ಗೋಧಿಯೇ. ನಮ್ಮ ಹೋಬಳಿಯಲ್ಲಿ ಇವತ್ತು ಹೀಗಿಲ್ಲದ ಮನೆ ಕಮ್ಮಿ.

ರಕ್ತದ ಜೊತೆಗೆ ಹೊಟ್ಟೆಯುಬ್ಬರ, ಆಗಾಗ ಭೇದಿ, ಮೂಳೆ ನೋವು, ಬಾಯಲ್ಲಿ ಹುಣ್ಣು. ಒಂದೊಂದಕ್ಕೆ ಒಬ್ಬೊಬ್ಬ ಡಾಕ್ಟರು. ಹೊಟ್ಟೆಗೆ ತೋರಿಸಿದಲ್ಲಿ ಗ್ಯಾಸ್ ಮಾತ್ರೆ, ಮೂಳೆಗೆ ತೋರಿಸಿದಲ್ಲಿ ಕ್ಯಾಲ್ಸಿಯಂ, ಹುಣ್ಣಿಗೆ ಬಿ ಕಾಂಪ್ಲೆಕ್ಸ್. ಒಂದು ಕಡೆ, ಮನಸ್ಸಿಗೆ ಹಚ್ಚಿಕೊಂಡಿದ್ದೀಯ, ಆರಾಮಾಗಿರು ಎಂದು ಕಳಿಸಿದರು. ಅವರಲ್ಲಿ ಯಾರೂ ಕೆಟ್ಟವರಲ್ಲ. ಹೊರಗೆ ಬೆಂಚಿನ ತುಂಬ ಜನ ಕೂತಿರುವಾಗ ಒಬ್ಬೊಬ್ಬರಿಗೆ ಸಿಗುವುದು ಎರಡು ಮೂರು ನಿಮಿಷ. ಆದರೆ ಹೊಟ್ಟೆ, ಮೂಳೆ, ಬಾಯಿ, ರಕ್ತ ಎಲ್ಲವೂ ಒಬ್ಬಳದೇ ಮೈಯಲ್ಲಿದೆ ಎಂದು ಕೂಡಿಸಿ ನೋಡುವವರು ಒಬ್ಬರು ಬೇಕಿತ್ತು.

ಅವರು ಸಿಕ್ಕಿದ್ದು ಹಾಸನದಲ್ಲಿ. ಸಣ್ಣ ಕ್ಲಿನಿಕ್ಕಿನ ವಯಸ್ಸಾದ ಫಿಸಿಷಿಯನ್. ನಾನು ಚೀಲದಿಂದ ತೆಗೆದ ರಿಪೋರ್ಟುಗಳನ್ನೆಲ್ಲ ಮೇಜಿನ ಮೇಲೆ ಹರಡಿ, ತಾರೀಕಿನ ಪ್ರಕಾರ ತಾವೇ ಜೋಡಿಸಿದರು. ಹಿಮೋಗ್ಲೋಬಿನ್ ಅಂಕಿಗಳನ್ನು ಒಂದು ಚೀಟಿಯಲ್ಲಿ ಸಾಲಾಗಿ ಬರೆದುಕೊಂಡು, ಡ್ರಿಪ್ ಹಾಕಿಸಿದ ಕಡೆಯಲ್ಲೆಲ್ಲ ಪಕ್ಕದಲ್ಲೊಂದು ಗೀಟು ಎಳೆದರು. ಆಮೇಲೆ ಪೆನ್ನು ಇಟ್ಟು ಕೇಳಿದರು: “ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗೋವರೆಗೆ ಏನೇನು ತಿಂದ್ರಿ, ಒಂದೂ ಬಿಡದೆ ಹೇಳಿಯಮ್ಮ.”

ಅಷ್ಟು ವರ್ಷದಲ್ಲಿ ಯಾರೂ ನನ್ನನ್ನು ಇದನ್ನು ಕೇಳಿರಲಿಲ್ಲ. ಊಟ ಸರಿಯಾಗಿ ಮಾಡ್ತೀಯಾ ಎಂದು ಕೇಳುವವರಿದ್ದರು, ಅದಕ್ಕೆ ಹೂಂ ಅಂದರೆ ಮುಗಿಯಿತು. ಇವರು ಬಿಸ್ಕತ್ತನ್ನೂ ಬಿಡದೆ ಬರೆದುಕೊಂಡರು.

ಆಮೇಲೆ ವಿವರಿಸಿದರು. ಸಣ್ಣ ಕರುಳಿನ ಒಳಮೈ ನುಣ್ಣಗಿರುವುದಿಲ್ಲ, ಗದ್ದೆಯಲ್ಲಿ ಪೈರು ಒತ್ತಾಗಿ ನಿಂತ ಹಾಗೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಿರುತ್ತವೆ. ಉಂಡದ್ದರ ಸಾರವನ್ನು ಹೀರುವುದು ಅವೇ. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ಕೆಲವರ ಮೈ ಅದನ್ನು ಸಹಿಸದೆ ತನ್ನದೇ ಕರುಳಿನ ಮೇಲೆ ತಿರುಗಿ ಬೀಳುತ್ತದೆ, ಆ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಇದೇ ಸೀಲಿಯಾಕ್ ಕಾಯಿಲೆ. ಹೆಚ್ಚು ಹಾಳಾಗುವುದು ಸಣ್ಣ ಕರುಳಿನ ಮೊದಲ ಭಾಗ. ಊಟದಲ್ಲಿನ ಕಬ್ಬಿಣಾಂಶವನ್ನು ಮೈಗೆ ಹೀರಿಕೊಳ್ಳುವ ಜಾಗವೂ ಮುಖ್ಯವಾಗಿ ಅದೇ. ನಾನು ನುಂಗಿದ ಮಾತ್ರೆಗಳು ಎಲ್ಲಿ ಹೋದವು ಎಂಬುದು ಆವತ್ತು ತಿಳಿಯಿತು. ಇದು ಅಲರ್ಜಿಯಲ್ಲ, ಅಜೀರ್ಣವೂ ಅಲ್ಲ. ಥೈರಾಯ್ಡ್ ತೊಂದರೆ ಇರುವವರಲ್ಲಿ, ಚಿಕ್ಕಂದಿನಲ್ಲೇ ಇನ್ಸುಲಿನ್ ಹಿಡಿದ ಮಕ್ಕಳಲ್ಲಿ ಇದು ಉಳಿದವರಿಗಿಂತ ಹೆಚ್ಚು.

ಬೆಂಗಳೂರಿನಲ್ಲಿರುವ ನಮ್ಮ ಸಂಬಂಧಿಕರೊಬ್ಬರು ಆಗಲೇ ಫೋನಿನಲ್ಲಿ, ಅಕ್ಕ, ಇವತ್ತಿಂದಲೇ ಗೋಧಿ ಬಿಟ್ಟುಬಿಡಿ, ಎಲ್ಲ ಸರಿಹೋಗುತ್ತೆ ಎಂದಿದ್ದರು. ಬಿಟ್ಟುಬಿಡಲಾ ಎಂದು ಡಾಕ್ಟರನ್ನು ಕೇಳಿದೆ. “ಈಗಲೇ ಬಿಡಬೇಡಿ. ಬಿಟ್ಟರೆ ಪರೀಕ್ಷೆಯಲ್ಲಿ ಏನೂ ಸಿಗಲ್ಲ” ಎಂದರು. ಇದನ್ನು ಓದುವವರು ಬೇರೇನು ಮರೆತರೂ ಈ ಮಾತನ್ನು ಮರೆಯಬಾರದು. ಟಿಟಿಜಿ ಐಜಿಎ ಎಂಬ ರಕ್ತಪರೀಕ್ಷೆ ಹುಡುಕುವುದು ಗ್ಲುಟೆನ್ನಿನಿಂದಾಗಿ ಮೈಯಲ್ಲಿ ಹುಟ್ಟುವ ಪ್ರತಿಕಾಯಗಳನ್ನು. ಗೋಧಿ ಬಿಟ್ಟು ತಿಂಗಳುಗಳಾದರೆ ಅವು ಇಳಿಯುತ್ತವೆ, ಕರುಳೂ ಮಾಯತೊಡಗುತ್ತದೆ, ಕಾಯಿಲೆ ಇತ್ತೋ ಇಲ್ಲವೋ ಎಂದು ಹೇಳುವುದಕ್ಕೇ ಆಗುವುದಿಲ್ಲ. ಆಮೇಲೆ ಖಚಿತಪಡಿಸಿಕೊಳ್ಳಬೇಕಾದರೆ ವಾರಗಟ್ಟಲೆ ಮತ್ತೆ ಗೋಧಿ ತಿಂದು ನರಳಬೇಕು. ಟಿಟಿಜಿ ಜೊತೆಗೆ ಒಟ್ಟು ಐಜಿಎ ಎಷ್ಟಿದೆ ಎಂದೂ ಬರೆದರು. ಹುಟ್ಟಿನಿಂದಲೇ ಐಜಿಎ ಕಡಿಮೆ ಇರುವವರಲ್ಲಿ ಕಾಯಿಲೆ ಇದ್ದರೂ ಟಿಟಿಜಿ ಸರಿಯಾಗೇ ಬರುತ್ತದಂತೆ. ಈ ಎರಡನೆಯ ಪರೀಕ್ಷೆಯನ್ನು ನೆನಪಿಟ್ಟು ಬರೆಯುವ ಡಾಕ್ಟರು ವಿಷಯ ತಿಳಿದವರು ಎಂದು ನಾನು ಈಗಲೂ ಲೆಕ್ಕ ಹಾಕುತ್ತೇನೆ.

ಟಿಟಿಜಿ ಬಹಳ ಹೆಚ್ಚು ಬಂತು. ಮುಂದಿನದಕ್ಕೆ ಬೆಂಗಳೂರಿನ ಗ್ಯಾಸ್ಟ್ರೋ ಡಾಕ್ಟರಿಗೆ ಕಾಗದ ಬರೆದುಕೊಟ್ಟರು, ಅಂಕಿಗಳ ಚೀಟಿಯನ್ನೂ ಅದಕ್ಕೆ ಪಿನ್ ಮಾಡಿದರು. ಅಲ್ಲಿ ಎಂಡೋಸ್ಕೋಪಿ ಮಾಡಿ ಕರುಳಿನ ಬೇರೆ ಬೇರೆ ಕಡೆಯಿಂದ ಸಣ್ಣ ಚೂರುಗಳನ್ನು ತೆಗೆದರು. ಹಾನಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲವಾದ್ದರಿಂದ ಒಂದೇ ಚೂರು ಸಾಲದು. ಚೂರಿನ ವರದಿಯೊಂದನ್ನೇ ನೆಚ್ಚುವುದೂ ತಪ್ಪು. ನಮ್ಮ ದೇಶದಲ್ಲಿ ಟ್ರಾಪಿಕಲ್ ಸ್ಪ್ರೂ ಎಂಬ ಇನ್ನೊಂದು ಕಾಯಿಲೆಯಲ್ಲೂ, ಜಿಯಾರ್ಡಿಯಾ ಎಂಬ ಪರೋಪಜೀವಿ ಸೇರಿಕೊಂಡಾಗಲೂ ಎಳೆಗಳು ಸವೆಯುತ್ತವೆ. ಸ್ಪ್ರೂ ಆದರೆ ಆಂಟಿಬಯಾಟಿಕ್ಕು, ಫೋಲಿಕ್ ಆಸಿಡ್ಡಿನಲ್ಲಿ ವಾಸಿಯಾಗುತ್ತದೆ, ಅಂಥವರಿಗೆ ಜೀವನಪೂರ್ತಿ ಗೋಧಿ ಬಿಡಿಸುವುದು ಅನ್ಯಾಯ. ರಕ್ತ, ಚೂರು ಎರಡನ್ನೂ ಹೊಂದಿಸಿ ನೋಡಿದ ಮೇಲೆಯೇ ನನಗೆ ಸೀಲಿಯಾಕ್ ಎಂದು ಹೇಳಿದರು.

ದಕ್ಷಿಣದ ಡಾಕ್ಟರುಗಳಿಗೆ ಇದು ಬೇಗ ಹೊಳೆಯದಿರುವುದಕ್ಕೆ ಕಾರಣವಿದೆ. 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ದೇಶದ ಮೂರು ಭಾಗಗಳ 23,331 ವಯಸ್ಕರನ್ನು ಪರೀಕ್ಷಿಸಿದ್ದರು. ಉತ್ತರದಲ್ಲಿ ನೂರಕ್ಕೆ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ, ಎಂದರೆ ವೆಲ್ಲೂರು ಕಡೆ, 0.10 ಜನರ ರಕ್ತದಲ್ಲಿ ಈ ಕಾಯಿಲೆಯ ಪ್ರತಿಕಾಯಗಳು ಕಂಡವು. ಆದರೆ ಈ ಕಾಯಿಲೆಗೆ ಬೇಕಾದ ವಂಶವಾಹಿ ಮೂರೂ ಕಡೆ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಜನರಲ್ಲಿತ್ತು. ದೊಡ್ಡ ವ್ಯತ್ಯಾಸವಿದ್ದದ್ದು ತಟ್ಟೆಯಲ್ಲಿ: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿಂದರೆ ದಕ್ಷಿಣದವರು 25 ಗ್ರಾಂ. ಸಾವಿರಕ್ಕೊಬ್ಬರು ಎಂಬ ಲೆಕ್ಕವನ್ನೇ 2011ರ ಜನಗಣತಿಯಲ್ಲಿ 17.76 ಲಕ್ಷ ಜನರಿದ್ದ ಹಾಸನ ಜಿಲ್ಲೆಗೆ ಹಚ್ಚಿದರೆ ಅಂಥ ಪ್ರತಿಕಾಯಗಳಿರುವವರು ಸಾವಿರದ ಏಳುನೂರಕ್ಕೂ ಮೇಲಾಗುತ್ತಾರೆ. ನಮ್ಮ ತಟ್ಟೆಗೆ ಚಪಾತಿ ಬರುತ್ತಲೇ ಇದೆ. ಇದನ್ನು ಉತ್ತರದವರ ಕಾಯಿಲೆ ಎಂದು ಬದಿಗಿಡುವ ಕಾಲ ಮುಗಿಯಿತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಗೋಧಿಯೇ ಕಾರಣ ಎಂದು ಜಗತ್ತಿಗೆ ತೋರಿಸಿಕೊಟ್ಟದ್ದು ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಡಿಕೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944–45ರ ಚಳಿಗಾಲದಲ್ಲಿ ಅಲ್ಲಿ ಬ್ರೆಡ್ಡು ಸಿಗದಂತಾದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು. 1950ರಲ್ಲಿ ಅವರು ಇದರ ಮೇಲೆ ಪ್ರಬಂಧ ಬರೆದರು. ಆದರೆ ಅವರ ಅನುಮಾನ ಯುದ್ಧಕ್ಕೂ ಹಿಂದಿನದು. ಬ್ರೆಡ್ಡು ಬಿಡಿಸಿದರೆ ಮಗುವಿಗೆ ವಾಸಿ ಎಂದು ಒಬ್ಬ ತಾಯಿ ಹೇಳಿದ್ದನ್ನು ಅವರು ತಳ್ಳಿಹಾಕಲಿಲ್ಲ ಎನ್ನುತ್ತಾರೆ. ಒಳ್ಳೆಯ ಡಾಕ್ಟರೆಂದರೆ ಯಾರು ಎಂದು ನನ್ನನ್ನು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಈ ಕಾಯಿಲೆಗೆ ಮಾತ್ರೆಯಿಲ್ಲ. ಗ್ಲುಟೆನ್ ಇಲ್ಲದ ಊಟವೇ ಔಷಧ, ಅದೂ ಬದುಕಿರುವವರೆಗೆ. ಆ ಲೆಕ್ಕದಲ್ಲಿ ನಮ್ಮ ಸೀಮೆಯಲ್ಲಿ ಹುಟ್ಟಿದ್ದು ಪುಣ್ಯ. ರಾಗಿ, ಅಕ್ಕಿ, ಜೋಳ, ನವಣೆ, ಸಾಮೆ, ಅವರೆ, ತೊಗರಿ, ಹುರುಳಿ ಯಾವುದರಲ್ಲೂ ಗ್ಲುಟೆನ್ ಇಲ್ಲ. ಮುದ್ದೆ, ಉಪ್ಸಾರು, ಅಕ್ಕಿ ರೊಟ್ಟಿ, ಒತ್ತು ಶ್ಯಾವಿಗೆ, ಅಕ್ಕಿ ಕಡುಬು, ಕಜ್ಜಾಯ ಎಲ್ಲ ತಿನ್ನಬಹುದು. ಪಂಜಾಬಿನವರಿಗಿರುವ ಕಷ್ಟ ನಮಗಿಲ್ಲ.

ಕಷ್ಟವಿರುವುದು ಕಾಣದ ಕಡೆ. ಮುದ್ದೆ ತಿಂದೂ ಹೊಟ್ಟೆ ಕೆಟ್ಟಾಗ ಹಾಸನದ ಡಾಕ್ಟರು ಕೇಳಿದ್ದು, “ರಾಗಿ ಎಲ್ಲಿ ಬೀಸಿಸ್ತೀರಿ?” ಊರಿನ ಮಿಲ್ಲಿಗೆ ಹೋಗಿ ನಿಂತು ನೋಡಿದೆ. ನನಗಿಂತ ಮುಂಚೆ ಒಬ್ಬರು ಗೋಧಿ ಹಾಕಿಸಿದ್ದರು. ಹಿಟ್ಟು ಇಳಿಯುವ ಬಟ್ಟೆಯ ತೋಳು ಬೆಳ್ಳಗಿತ್ತು. ನನ್ನ ರಾಗಿ ಸುರಿದಾಗ ಡಬ್ಬಕ್ಕೆ ಮೊದಲು ಬಿದ್ದ ಹಿಟ್ಟು ರಾಗಿಯ ಬಣ್ಣದ್ದಾಗಿರಲಿಲ್ಲ, ಬೆಳ್ಳಗೆ ಬಂದು ಆಮೇಲೆ ಕಂದಾಯಿತು. ನನ್ನ ಕರುಳಿಗೆ ಅಷ್ಟು ಸಾಕು. ಗ್ಲುಟೆನ್ ಇಲ್ಲದ್ದು ಎಂದು ಬರೆದು ಮಾರುವ ಆಹಾರದಲ್ಲಿ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು ಎಂದು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೇ ಇದೆ. ಈಗ ಮನೆಯಲ್ಲೇ ಸಣ್ಣ ಮಿಲ್ಲು ಇಟ್ಟುಕೊಂಡು ರಾಗಿ, ಅಕ್ಕಿ ಬಿಟ್ಟು ಬೇರೇನೂ ಹಾಕುವುದಿಲ್ಲ.

ಎರಡನೆಯದು ಇಂಗು. ಅಂಗಡಿಯ ಡಬ್ಬಿಯ ಇಂಗಿನಲ್ಲಿ ಬಹಳಷ್ಟು ಸಲ ಮೈದಾ ಅಥವಾ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದೂ ಇರುತ್ತದೆ. ಸಾರು, ಉಪ್ಪಿನಕಾಯಿ, ಒಗ್ಗರಣೆ ಎಲ್ಲಕ್ಕೂ ಅದೇ. ಕಾಲು ಊದಿದವರಿಗೆ, ಉರಿಮೂತ್ರದವರಿಗೆ ಮನೆಮದ್ದೆಂದು ಕೊಡುವ ಬಾರ್ಲಿ ನೀರೂ ನನಗೆ ಆಗದು, ಬಾರ್ಲಿಯಿಂದ ಮಾಡಿದ ಮಾಲ್ಟ್ ಪುಡಿಗಳೂ ಆಗವು. ಹೋಟೆಲಿನಲ್ಲಿ ಪೂರಿ ಕರಿದ ಎಣ್ಣೆಯಲ್ಲೇ ಬೋಂಡ ಕರಿಯುತ್ತಾರೆ, ಅದನ್ನೂ ಬಿಟ್ಟೆ.

ಪ್ರಸಾದದ ವಿಷಯ ಸೂಕ್ಷ್ಮ. ಸತ್ಯನಾರಾಯಣ ಪೂಜೆಯ ಸಜ್ಜಿಗೆ ಗೋಧಿ ರವೆಯದು. ಬೇಡ ಎಂದರೆ ಮನೆಯವರಿಗೆ ನೋವು, ದೇವರಿಗೆ ಅಪಚಾರವೆಂಬ ಭಯ. ನಮ್ಮ ಪುರೋಹಿತರಿಗೆ ಕಾಯಿಲೆಯ ವಿಷಯ ತಿಳಿಸಿದೆ. ಅಮ್ಮ, ತೀರ್ಥ ತಗೊಳ್ಳಿ, ನೈವೇದ್ಯದ ಬಾಳೆಹಣ್ಣು ತಗೊಳ್ಳಿ, ಅದೂ ಪ್ರಸಾದವೇ ಎಂದರು. ಯುಗಾದಿಗೆ ಕಣಕ ಕಲಸುವ ಮೊದಲೇ ಅತ್ತೆ ನನಗೆಂದು ಹೂರಣ ತೆಗೆದು ಬೇರೆ ಪಾತ್ರೆಯಲ್ಲಿ ಮುಚ್ಚಿಡುತ್ತಾರೆ. ಮನೆಯವರ ಆಸರೆ ಇಲ್ಲದಿದ್ದರೆ ಯಾವ ಡಾಕ್ಟರಿದ್ದೂ ಈ ಪಥ್ಯ ನಡೆಯುವುದಿಲ್ಲ.

ಕೆಲವು ತಿಂಗಳಲ್ಲಿ ಮಾತ್ರೆ ಮೈಗೆ ಹತ್ತತೊಡಗಿತು, ಹಿಮೋಗ್ಲೋಬಿನ್ 12 ದಾಟಿತು. ಕರುಳು ಪೂರ್ತಿ ಮಾಯಲು ದೊಡ್ಡವರಲ್ಲಿ ಇನ್ನೂ ಹೆಚ್ಚು ಕಾಲ ಬೇಕು. ಹಾಸನದ ಡಾಕ್ಟರು ಈಗಲೂ ಟಿಟಿಜಿ ಇಳಿದಿದೆಯೇ ಎಂದು ನೋಡುತ್ತಾರೆ, ವಿಟಮಿನ್ ಡಿ, ಬಿ12, ಥೈರಾಯ್ಡ್ ಮಾಡಿಸುತ್ತಾರೆ, ಮೂಳೆ ಎಷ್ಟು ಸವೆದಿದೆ ಎಂದೂ ಪರೀಕ್ಷೆ ಮಾಡಿಸಿದರು. ಒಡಹುಟ್ಟಿದವರಿಗೆ, ಮಕ್ಕಳಿಗೆ ಈ ಕಾಯಿಲೆ ಬರುವ ಸಂಭವ ಹೆಚ್ಚಾದ್ದರಿಂದ ನನ್ನ ಮಕ್ಕಳಿಗೂ ಟಿಟಿಜಿ ಮಾಡಿಸಿದರು. ಗೋಧಿ ಬಿಡಿ ಎಂದು ಹೇಳಿ ಕಳಿಸಿಬಿಡುವವರ ಕೈಯಲ್ಲಿ ಇದು ಆಗುತ್ತಿರಲಿಲ್ಲ. ಕಾಯಿಲೆ ಪತ್ತೆಹಚ್ಚಿಸಲು ಬೆಂಗಳೂರಿಗೆ ಹೋಗಬೇಕಾಗಬಹುದು, ಆದರೆ ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ಮಧ್ಯಾಹ್ನ ವಾಪಸು ಬರುವಷ್ಟು ಹತ್ತಿರದಲ್ಲಿ ವರ್ಷ ವರ್ಷ ನೋಡುವ ಒಬ್ಬರು ಇರಲೇಬೇಕು. ಒಂದೇ ಸಲ ರಕ್ತ ತೆಗೆದು ನೂರಾರು ಆಹಾರ ಆಗಿಬರುವುದಿಲ್ಲವೆಂದು ಪಟ್ಟಿ ಕೊಡುವ ಪ್ಯಾಕೇಜುಗಳಿಗೆ ದುಡ್ಡು ಹಾಕಬೇಡಿ, ಸೀಲಿಯಾಕ್ ಹಿಡಿಯುವ ಪರೀಕ್ಷೆ ಅದಲ್ಲ.

ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡಿನ ಆಸ್ಪತ್ರೆಗಳಲ್ಲಿ ಕೂತು ದಿನವೂ ನಮ್ಮಂಥ ಹೆಂಗಸರನ್ನು ನೋಡುವ ಡಾಕ್ಟರುಗಳಲ್ಲಿ ಒಂದು ಕೋರಿಕೆ. ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ರಕ್ತ ಏರದವರು ಎದುರಿಗೆ ಬಂದರೆ, ಇನ್ನೊಂದು ಟಾನಿಕ್ಕು ಬರೆಯುವ ಮೊದಲು ನಿನ್ನೆ ಏನೇನು ತಿಂದ್ರಿ ಎಂದು ಕೇಳಿ, ಟಿಟಿಜಿಯನ್ನೂ ಬರೆದುಕೊಡಿ. ಬರೆಯದಿದ್ದರೆ, ಅಮ್ಮಂದಿರೇ, ಅಕ್ಕಂದಿರೇ, ನೀವೇ ಬಾಯಿಬಿಟ್ಟು ಕೇಳಿ. ಅಲ್ಲಿಯವರೆಗೆ ಚಪಾತಿ ನಿಲ್ಲಿಸಬೇಡಿ.